ಬೆಳಕು ತಡೆದ ಜಾಗ ಹುಡುಕುವ ಕೈ

2011ರಲ್ಲಿ ಮಂಜೂರಾಗಿ ಮುಂದೆ ಭಾರತ್‌ನೆಟ್ ಎನಿಸಿದ ಯೋಜನೆ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯಿತು. ರಟ್ಟೀಹಳ್ಳಿಯಂಥ ಊರುಗಳಲ್ಲಿ ಆ ಎಳೆಯನ್ನು ಬಾಳಿಸುವವನು ಲೈನ್ ನೋಡುವ ಕೆಲಸಗಾರ.

ಸ್ವಿಚ್ಚಿನ ಲಿಂಕ್ ದೀಪ ಆರಿದರೆ ನುರಿತವನು ಬೆಳಕು ಕಳಿಸಿ ಪಡೆಯುವ ಮಾಡ್ಯೂಲ್ ಬದಲಿಸಲು ಆತುರಪಡುವುದಿಲ್ಲ. ಮೊದಲು ಕನೆಕ್ಟರಿನ ತುದಿ ಒರೆಸುತ್ತಾನೆ. ಸಿಂಗಲ್‌ಮೋಡ್ ಎಳೆಯಲ್ಲಿ ಬೆಳಕು ಸಾಗುವ ತಿರುಳು ಸುಮಾರು 9 ಮೈಕ್ರಾನ್ ಅಷ್ಟೇ. ಬೇಸಿಗೆ ಧೂಳಿನ ಒಂದು ಕಣ ಸಾಕು, ದಾರಿ ಮುಚ್ಚಲು. ಆ ಒರೆಸುವಿಕೆಯ ನಯವೇ ಬೆರಗು: ನೂಲು ಬಿಡದ ಬಟ್ಟೆ, ಒಂದೇ ದಿಕ್ಕು, ಹಗುರ ಒತ್ತಡ. ಎಳೆಯಲ್ಲಿ ಸಾಗುವ 1310 ನ್ಯಾನೋಮೀಟರ್ ತರಂಗಾಂತರದ ಬೆಳಕು ಕಣ್ಣಿಗೆ ಕಾಣದು, ಕಣ್ಣನ್ನು ಕೆಡಿಸಬಲ್ಲದು. ಆದ್ದರಿಂದ ತುದಿಯೊಳಗೆ ಇಣುಕದೆ ಪವರ್ ಮೀಟರ್ ನಂಬುತ್ತಾನೆ.

ಕಳಿಸುವ, ಪಡೆಯುವ ಎಳೆಗಳು ಅದಲುಬದಲಾಗಿವೆಯೇ ಎಂದು ನೋಡಿ, ಕೊನೆಗೆ ಕೆಂಪು ಲೇಸರ್ ಹಾಯಿಸುತ್ತಾನೆ. ಹಳದಿ ಕವಚ ಎಲ್ಲಿ ಕೆಂಪಗೆ ಮಿನುಗುತ್ತದೋ ಅಲ್ಲೇ ಮುರಿತ ಅಥವಾ ಅತಿಬಾಗು. ಬಾಗಿದ್ದರೆ ಸಡಿಲಿಸುತ್ತಾನೆ, ಮುರಿದಿದ್ದರೆ ನೇರ ಕತ್ತರಿಸಿ ವಿದ್ಯುತ್ ಕಿಡಿಯಲ್ಲಿ ಬೆಸೆಯುತ್ತಾನೆ.