‘ಅಂತೆ’ ಇಲ್ಲದ ಬೇಲೂರು

ಪ್ರವಾಸದ ವೇಳಾಪಟ್ಟಿಯನ್ನು ಯಾರೂ ಸಾಹಿತ್ಯವೆಂದು ಓದುವುದಿಲ್ಲ. ಆದರೆ ಈಗ ಅದನ್ನು ಬರೆದುಕೊಡುತ್ತಿರುವುದು ಜಗತ್ತಿನ ಬರಹಗಳನ್ನೆಲ್ಲ ಓದಿ ಬರೆಯಲು ಕಲಿತ ಯಂತ್ರ. ಹಾಗಾಗಿ ಅದನ್ನೂ ಒಂದು ಪಠ್ಯವಾಗಿ ಓದಿನೋಡೋಣ ಅನ್ನಿಸಿತು. ‘ಎರಡು ದಿನದಲ್ಲಿ ಹೊಯ್ಸಳರ ನಾಡು ನೋಡಬೇಕು, ಒಂದು ಯೋಜನೆ ಕೊಡು’ ಎಂದು ಚಾಟ್‌ಬಾಟ್ ಒಂದನ್ನು ಕನ್ನಡದಲ್ಲೇ ಕೇಳಿದೆ. ಕ್ಷಣದಲ್ಲಿ ಪಟ್ಟಿ ಬಂತು: ಬೆಳಿಗ್ಗೆ ಬೇಲೂರು, ಒಂದೂವರೆ ಗಂಟೆ, ಊಟ, 16 ಕಿ.ಮೀ. ದೂರದ ಹಳೇಬೀಡು, ಒಂದು ಗಂಟೆ. ಸಂಜೆಗೆ ಯಗಚಿ ಜಲಾಶಯ. ಅರಸೀಕೆರೆ ಬಂದದ್ದು ರೈಲು ಇಳಿಯುವ ಜಾಗವಾಗಿ ಮಾತ್ರ.

ವ್ಯಾಕರಣ ತಪ್ಪಿರಲಿಲ್ಲ, ದೂರವೂ ಸರಿಯೇ. ತೊಡಕಿದ್ದದ್ದು ಕ್ರಿಯಾಪದಗಳಲ್ಲಿ. ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದನು ಎಂಬುದು ಒಂದು ವಾಕ್ಯ. ಅಮರಶಿಲ್ಪಿ ಜಕಣಾಚಾರಿ ಅದನ್ನು ಕೆತ್ತಿದನು ಎಂಬುದು ಮುಂದಿನದು. ಎರಡಕ್ಕೂ ಒಂದೇ ‘ದನು’, ಒಂದೇ ಗಟ್ಟಿ ದನಿ. ಮೊದಲನೆಯದು ಶಾಸನದಿಂದ ಬಂದದ್ದು, ಎರಡನೆಯದು ಜನರ ಬಾಯಿಂದ ಬಂದದ್ದು.

ಅದೇ ಕಥೆಯನ್ನು ಕಪ್ಪೆ ಚೆನ್ನಿಗರಾಯನ ಗುಡಿಯ ಮುಂದೆ ನಿಂತು ಕನ್ನಡದವರು ಹೇಗೆ ಹೇಳುತ್ತಾರೆ ಕೇಳಿ. ಡಂಕಣ ಬಂದನಂತೆ, ವಿಗ್ರಹದಲ್ಲಿ ದೋಷವಿದೆ ಅಂದನಂತೆ, ಹೊಕ್ಕುಳ ಬಳಿ ಒಡೆದು ನೋಡಿದರೆ ಮರಳು, ನೀರು, ಒಂದು ಕಪ್ಪೆ ಇತ್ತಂತೆ. ಈ ‘ಅಂತೆ’ ಮಾತಿನ ಅಲಂಕಾರವಲ್ಲ. ನಾನು ಕಂಡದ್ದಲ್ಲ, ಕೇಳಿದ್ದು. ನಂಬುವುದು ಬಿಡುವುದು ನಿನಗೆ ಸೇರಿದ್ದು, ಎಂಬಷ್ಟನ್ನೂ ಕನ್ನಡ ಎರಡಕ್ಷರದಲ್ಲಿ ಹೇಳಿಬಿಡುತ್ತದೆ. ಓದುಬರಹ ಕಲಿಯದ ಅಜ್ಜಿಗೂ ಗೊತ್ತಿದ್ದ ಈ ವಿಮರ್ಶಾಪ್ರಜ್ಞೆ ಯಂತ್ರದ ಕನ್ನಡದಲ್ಲಿ ಕಾಣಲಿಲ್ಲ.

ಇದು ಬರಿಯ ಶೈಲಿಯ ತಕರಾರಲ್ಲ. ಜಕಣಾಚಾರಿಯ ಹೆಸರು ಹೊಯ್ಸಳರ ಶಾಸನಗಳಲ್ಲಿ ಸಿಗುವುದಿಲ್ಲ. ಬೇಲೂರಿನ ವಿಗ್ರಹಗಳ ಕೆಳಗೆ ಸಿಗುವುದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರ ಹೆಸರು. ಕಲ್ಲಿನಲ್ಲಿ ಹೆಸರು ಕೊರೆದಿಟ್ಟು ಹೋದವರಿಗೆ ಪಟ್ಟಿಯಲ್ಲಿ ಜಾಗವಿಲ್ಲ! ಇವು ಗುಟ್ಟಿನ ಸಂಗತಿಗಳೂ ಅಲ್ಲ. ಲೂಯಿಸ್ ರೈಸ್ ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ 5ನೇ ಸಂಪುಟವಾಗಿ 1902ರಲ್ಲೇ ಅಚ್ಚು ಮಾಡಿಸಿದ್ದಾರೆ. ಆದರೆ ಇಂಥ ಯಂತ್ರ ಕಲಿಯುವುದು ಹೆಚ್ಚು ಸಲ ಬರೆಯಲ್ಪಟ್ಟಿದ್ದರಿಂದ. ಸಾವಿರ ಜಾಲತಾಣಗಳು ಜಕಣಾಚಾರಿ ಎಂದರೆ ಚಾವಣನ ದನಿ ಅಲ್ಲಿ ಕೇಳಿಸುವುದು ಕಷ್ಟ.

‘ಇದಕ್ಕೆ ಶಾಸನದ ಆಧಾರವಿದೆಯೇ?’ ಎಂದು ಮತ್ತೆ ಕೇಳಿದೆ. ಇಲ್ಲ, ಅದು ಐತಿಹ್ಯ ಎಂದು ವಿನಯದಿಂದ ಒಪ್ಪಿಕೊಂಡಿತು. ಅಂದರೆ ಅದಕ್ಕೆ ಗೊತ್ತಿತ್ತು; ಕೇಳಿದವರಿಗೆ ಮಾತ್ರ ಹೇಳುತ್ತದೆ. ಹಾಗೆ ಕೇಳಲು ಮೊದಲೇ ತಿಳಿದಿರಬೇಕಲ್ಲ? ಮೊದಲ ಸಲ ಬೇಲೂರಿಗೆ ಹೊರಟ ಪಿಯುಸಿ ಹುಡುಗಿಗೆ ಈ ಎರಡನೇ ಪ್ರಶ್ನೆ ಹೊಳೆಯುವುದು ಹೇಗೆ?

ಇನ್ನು ಆ ಒಂದೂವರೆ ಗಂಟೆ. ಬೇಲೂರಿನ ಮದನಿಕೆಯರು 42 ಮಂದಿ, ಒಳಗಿನ ನಾಲ್ವರೂ ಸೇರಿ. ಒಬ್ಬೊಬ್ಬಳಿಗೆ ಎರಡು ನಿಮಿಷ ಕೊಟ್ಟರೂ ಸಮಯ ಮುಗಿಯಿತು; ಗರ್ಭಗುಡಿಗೆ ಹೋಗುವುದು ಯಾವಾಗ? ಡಿ.ವಿ.ಜಿ. ಇವರನ್ನು ನೋಡುತ್ತ ನಿಂತು ‘ಅಂತಃಪುರ ಗೀತೆ’ ಬರೆದರು. ಕನ್ನಡಿ ಹಿಡಿದವಳಿಗೆ ಒಂದು ಹಾಡು, ಗಿಳಿಯೊಡನೆ ಮಾತಾಡುವವಳಿಗೆ ಇನ್ನೊಂದು. ಅದನ್ನು ನಾವು ಪ್ರವಾಸ ಸಾಹಿತ್ಯದ ಪಟ್ಟಿಗೆ ಸೇರಿಸುವುದಿಲ್ಲ. ಸೇರಿಸಬಹುದಿತ್ತು ಎಂಬುದು ನನ್ನ ಗುಮಾನಿ: ಅದೂ ಒಬ್ಬ ಯಾತ್ರಿಕ ಎಲ್ಲೆಲ್ಲಿ ನಿಂತ ಎಂಬುದರ ದಾಖಲೆ. ಇದೇ ಜಿಲ್ಲೆಯ ಗೊರೂರರ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಲ್ಲಿ ನಾವು ಓದುವುದು ಅಮೆರಿಕದ ಮಾಹಿತಿಯನ್ನಷ್ಟೇ ಅಲ್ಲ, ಅದನ್ನು ಕಂಡು ಬೆರಗಾದ ಗೊರೂರರನ್ನು ಕೂಡ. ಯಂತ್ರದ ಪಟ್ಟಿಯಲ್ಲಿ ಸುಸ್ತಾಗುವವರು, ದಾರಿ ತಪ್ಪುವವರು, ‘ಇಲ್ಲೇ ಇದ್ದುಬಿಡೋಣ’ ಅನ್ನುವವರು ಯಾರೂ ಇಲ್ಲ.

ಹಾಗೆಂದು ಇದನ್ನು ಎತ್ತಿ ಎಸೆಯಿರಿ ಅನ್ನಲಾರೆ. ಒಬ್ಬಳೇ ಹೊರಟ ಹೆಣ್ಣುಮಗಳಿಗೆ ಅಪರಿಚಿತರನ್ನು ಕೇಳುವುದು ಯಾವಾಗಲೂ ಹಿತವಲ್ಲ. ಗೈಡಿಗೆ ಕೊಡಲು ದುಡ್ಡಿಲ್ಲದವರು, ನೂರು ಪ್ರಶ್ನೆ ಕೇಳಲು ನಾಚುವವರು ಮೊಬೈಲನ್ನು ಸಂಕೋಚವಿಲ್ಲದೆ ಕೇಳಬಹುದು. ಕನ್ನಡದಲ್ಲಿ ಕೇಳಿ ಕನ್ನಡದಲ್ಲೇ ಉತ್ತರ ಪಡೆಯುವುದೂ ಸಣ್ಣ ಸಂಗತಿಯಲ್ಲ.

ನನ್ನ ನಿಜವಾದ ಚಿಂತೆ ಅರಸೀಕೆರೆಯದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಸಂತೋಷವೇ. ಇನ್ನು ಮೇಲೆ ಎಲ್ಲ ಪಟ್ಟಿಗಳೂ ಆ ಮೂರನ್ನೇ ಹೇಳುತ್ತವೆ, ಜನ ಅಲ್ಲಿಗೇ ಹೋಗುತ್ತಾರೆ, ಹೋದವರು ಅದನ್ನೇ ಬರೆಯುತ್ತಾರೆ, ಯಂತ್ರ ಮತ್ತೆ ಅದನ್ನೇ ಓದುತ್ತದೆ. ಅರಸೀಕೆರೆಯ ಈಶ್ವರ ದೇವಾಲಯ, ಹಾರನಹಳ್ಳಿ, ಜಾವಗಲ್ ಈ ಸುತ್ತಿನಿಂದ ಹೊರಗೆ. ಈಶ್ವರ ದೇವಾಲಯ 1220ರ ಹೊತ್ತಿನದು. ಅದರ ತೆರೆದ ಮುಖಮಂಟಪ ನಕ್ಷತ್ರದ ಆಕಾರದ್ದು, ಅಂಥದ್ದು ಬೇಲೂರಿನಲ್ಲೂ ಇಲ್ಲ. ರೈಲ್ವೆ ಜಂಕ್ಷನ್ ಇರುವ ಅದೇ ಊರಿನಲ್ಲಿದೆ.