ಹಾರ್ಮೋನಿಯಂ ಮೇಷ್ಟರ ಶಾಲೆ

ಹಾರ್ಮೋನಿಯಮ್ಮಿನ ಹೆಸರೆತ್ತಿದರೆ ಮೂಗು ಮುರಿಯುವ ಸಂಗೀತ ರಸಿಕರು ನಮ್ಮಲ್ಲಿ ಇಂದಿಗೂ ಇದ್ದಾರೆ. ಅವರ ಆಕ್ಷೇಪಣೆ ನಿರಾಧಾರವಾದುದಲ್ಲ. ಅದರಲ್ಲಿ ಸ್ವರ ಒಂದು ಮನೆಯಿಂದ ಇನ್ನೊಂದು ಮನೆಗೆ ಹಾರುತ್ತದೆಯೇ ಹೊರತು ಜಾರುವುದಿಲ್ಲ, ಗಮಕಕ್ಕೆ ಎಡೆಯಿಲ್ಲ. ರೇಡಿಯೋದವರು 1940ರಲ್ಲಿ ಅದನ್ನು ಹೊರಗಿಟ್ಟರು. ಆ ನಿಷೇಧ ಸಡಿಲವಾದದ್ದು 1971ರಲ್ಲಿ. ಆದರೆ ಹಳ್ಳಿಯ ನಾಟಕಕ್ಕೆ ರೇಡಿಯೋದ ಅಪ್ಪಣೆ ಬೇಕಿರಲಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಹಾರ್ಮೋನಿಯಂ ಪೆಟ್ಟಿಗೆಯೇ ಗುರುಪೀಠ.

ಈ ಕಡೆಯ ಊರುಗಳಲ್ಲಿ ‘ಕುರುಕ್ಷೇತ್ರ’ ಆಡುವುದೆಂದು ತೀರ್ಮಾನವಾದರೆ ಮೊದಲ ಕೆಲಸ ಮೇಷ್ಟರನ್ನು ಗೊತ್ತುಮಾಡುವುದು. ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಕಂಪನಿ, ವೀರಣ್ಣನವರ ಕಾಲದಲ್ಲಿ, 1934ರಲ್ಲಿ, ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಆಡಿದ ನಾಟಕದ ಹೆಸರೂ ಅದೇ. ಹಳ್ಳಿಯವರಲ್ಲಿ ಆನೆಯಿಲ್ಲ, ಹಾಡಿದೆ. ಪಾತ್ರಕ್ಕೆ ಸಂಬಳವಿಲ್ಲ, ಪಾತ್ರಧಾರಿಯೇ ದುಡ್ಡು ಕಟ್ಟಬೇಕು. ಕೃಷ್ಣ, ದುರ್ಯೋಧನರಿಗೆ ಹೆಚ್ಚು, ಸಣ್ಣ ಪಾತ್ರಗಳಿಗೆ ಕಡಮೆ. ಹಗಲು ಕಾಯಿ ಸುಲಿದವನೂ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆದವನೂ ರಾತ್ರಿ ಪೆಟ್ಟಿಗೆಯ ಸುತ್ತ ಕೂಡುತ್ತಾರೆ. ಮೇಷ್ಟರು ಶ್ರುತಿ ಹಿಡಿದು ಒಂದು ಸಾಲು ಹಾಡುತ್ತಾರೆ. ಶಿಷ್ಯ ಅದನ್ನು ಹಿಂದಿನಿಂದ ಹೇಳುತ್ತಾನೆ. ತಿಂಗಳುಗಟ್ಟಲೆ ನಡೆಯುವ ಈ ತಾಲೀಮು ಎಷ್ಟೋ ಮಂದಿಗೆ ಜೀವಮಾನದಲ್ಲಿ ದೊರೆಯುವ ಒಂದೇ ಸಂಗೀತ ಶಾಲೆ.

ಆದುದರಿಂದಲೇ ಅದರ ಪಾಠಕ್ರಮವನ್ನು ಕಟ್ಟುನಿಟ್ಟಾಗಿ ವಿಮರ್ಶಿಸಬೇಕು. ‘ಪಾಪ, ಹವ್ಯಾಸಿಗಳು’ ಎಂದು ರಿಯಾಯಿತಿ ತೋರುವುದು ಗೌರವವಲ್ಲ. ನಾನು ಕೇಳಿರುವ ತಾಲೀಮುಗಳಲ್ಲಿ ಬಹುಪಾಲು ಹೊತ್ತು ಮಟ್ಟು ಕೂರಿಸುವುದಕ್ಕೇ ಹೋಗುತ್ತದೆ. ಮೇಷ್ಟರು ಒತ್ತಿದ ಮನೆಯಲ್ಲಿಯೇ ಕಂಠ ನಿಲ್ಲಬೇಕು. ಒಂದಿಷ್ಟು ಜಾರಿದರೆ ಗದರಿಕೆ. ಫಲವಾಗಿ ಕರ್ಣನ ದುಃಖವೂ ಶಕುನಿಯ ಕುಹಕವೂ ಒಂದೇ ಅಳತೆಯ ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತವೆ. ಇದು ಪೆಟ್ಟಿಗೆಯ ತಪ್ಪೆಂದು ರಸಿಕರ ತೀರ್ಪು. ನಾನು ಅದನ್ನು ಒಪ್ಪಲಾರೆ.

ಕಾರಣ, ಹಾರ್ಮೋನಿಯಮ್ಮಿನ ದಾಯಾದಿಯಾದ ಮೌತ್ ಆರ್ಗನ್ನಿನ ಕಥೆ. ಎರಡರಲ್ಲಿಯೂ ನಾದ ಹುಟ್ಟುವುದು ಗಾಳಿಗೆ ಕಂಪಿಸುವ ಲೋಹದ ರೀಡಿನಿಂದ. ಜರ್ಮನಿಯ ಹೋನರ್ ಕಂಪನಿ 1896ರಲ್ಲಿ ಹೊರತಂದ ಹತ್ತು ರಂಧ್ರಗಳ ‘ಮರೀನ್ ಬ್ಯಾಂಡ್’ ಸರಳ ಮಟ್ಟುಗಳಿಗೆ ಹೇಳಿಸಿದ ವಾದ್ಯ. ಅದರಲ್ಲಿ ಎಲ್ಲ ಸ್ವರಗಳೂ ಇಲ್ಲ. ಅಮೆರಿಕದ ದಕ್ಷಿಣ ಸೀಮೆಯ ಕಪ್ಪು ಜನ ತಮ್ಮ ಸಂಕಟದ ಹಾಡಾದ ಬ್ಲೂಸನ್ನು ಅದರಲ್ಲಿ ನುಡಿಸಹೊರಟಾಗ ವಾದ್ಯದ ಕ್ರಮವನ್ನೇ ತಲೆಕೆಳಗು ಮಾಡಿದರು. ಊದುವುದಕ್ಕಿಂತ ಉಸಿರೆಳೆಯುವುದನ್ನು ಮುಖ್ಯವಾಗಿಸಿಕೊಂಡರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಪಂಚಮವನ್ನೇ ಷಡ್ಜ ಮಾಡಿಕೊಂಡರು. ಎಳೆಯುವಾಗ ನಾಲಗೆಯನ್ನೂ ಗಂಟಲನ್ನೂ ಹದಮಾಡಿ ಸ್ವರವನ್ನು ಕೆಳಕ್ಕೆ ಬಾಗಿಸಿದರು. ಕಾರ್ಖಾನೆ ಕೊಡದಿದ್ದ ಸ್ವರ ಬಡವನ ಬಾಯಲ್ಲಿ ಹುಟ್ಟಿತು. 1952ರಲ್ಲಿ ಲಿಟ್ಲ್ ವಾಲ್ಟರ್ ಧ್ವನಿಮುದ್ರಿಸಿದ ‘ಜೂಕ್’ ಕೇಳಿದವರಿಗೆ ಇದು ಆಟದ ಸಾಮಾನೆಂದು ತೋರಲಾರದು. ಷಿಕಾಗೋದಲ್ಲಿ 1957ರಲ್ಲಿ ಆರಂಭವಾದ ಓಲ್ಡ್ ಟೌನ್ ಜನಪದ ಸಂಗೀತ ಶಾಲೆಯಲ್ಲಿ ಸಾಮಾನ್ಯ ಜನ ಗುಂಪಾಗಿ ಕುಳಿತು ಈ ವಿದ್ಯೆಯನ್ನು ಕಲಿಯುತ್ತಾರೆ. ನಮ್ಮ ತಾಲೀಮಿಗೂ ಅದಕ್ಕೂ ಹೋಲಿಕೆ ಸ್ಪಷ್ಟ. ವ್ಯತ್ಯಾಸ ಒಂದೇ: ಬ್ಲೂಸ್ ಕಲಿಯುವವನು ಸ್ವರವನ್ನು ಬಾಗಿಸಲು ಕಲಿಯದೆ ಮುಂದೆ ಹೋಗಲಾರ.

ನಮ್ಮ ಪೆಟ್ಟಿಗೆಗೆ ಗಾಳಿ ಬರುವುದು ತಿದಿಯಿಂದ. ಬಾಯಿ ಅದರ ರೀಡನ್ನು ಮುಟ್ಟಲಾರದು, ನಿಜ. ಆದರೆ ಹಾಡುವವನ ಕಂಠ ಬಾಗುತ್ತದೆಯಲ್ಲ! ನಾಟಕದ ವೃತ್ತಗಳನ್ನು ಗಮನಿಸಿ. ಅಲ್ಲಿ ತಾಳದ ಬಂಧನವಿಲ್ಲ. ಒಳ್ಳೆಯ ನಟ ಒಂದು ಅಕ್ಷರವನ್ನು ಹಿಡಿದು ಎರಡು ಮನೆಗಳ ನಡುವೆ ತೂಗಾಡಿಸುತ್ತಾನೆ. ಬಲ್ಲ ಮೇಷ್ಟರು ಆಗ ಆಧಾರಸ್ವರವನ್ನಷ್ಟೇ ಹಿಡಿದು ಕಾಯುತ್ತಾರೆ. ಸಭೆ ‘ಒನ್ಸ್ ಮೋರ್’ ಎನ್ನುವುದು ಬಹುಮಟ್ಟಿಗೆ ಇಂಥ ಎಡೆಯಲ್ಲೇ. ಈ ಸೀಮೆಗೆ ಇದು ಹೊಸ ರುಚಿಯೂ ಅಲ್ಲ. ಜೀ. ಶಂ. ಪರಮಶಿವಯ್ಯನವರು ಶ್ರದ್ಧೆಯಿಂದ ಅಧ್ಯಯನ ಮಾಡಿದ ಮೂಡಲಪಾಯ ಯಕ್ಷಗಾನಕ್ಕೆ ಇಲ್ಲಿಯ ಹಳ್ಳಿಗಳಲ್ಲಿ ಬೇರುಂಟು. ಅದರ ಮುಖವೀಣೆ ಬಾಯುಸಿರಿನ ವಾದ್ಯ, ಭಾಗವತನ ಕಂಠದೊಡನೆ ತಾನೂ ಜಾರಬಲ್ಲದು. ಆ ಕಿವಿಯನ್ನು ತಾಲೀಮು ಬೆಳೆಸಬೇಕಿತ್ತು; ಬದಲಿಗೆ ಸಿನಿಮಾ ಮಟ್ಟುಗಳು ಬಂದು ತುಂಬಿಕೊಂಡವು. ಈಗ ಪೆಟ್ಟಿಗೆಯ ಪಕ್ಕಕ್ಕೆ ಕ್ಯಾಸಿಯೋ ಕೂಡ ಬಂದು ಕುಳಿತಿದೆ. ಅದರ ಅಬ್ಬರದಲ್ಲಿ ವೃತ್ತಕ್ಕೆ ಉಸಿರಾಡಲೂ ತೆರಪಿಲ್ಲ.

ಹಾರ್ಮೋನಿಯಮ್ಮನ್ನು ಓಡಿಸಬೇಕೆಂದು ನಾನು ಹೇಳುವುದಿಲ್ಲ. ಅದಿಲ್ಲದಿದ್ದರೆ ಹಗಲೆಲ್ಲ ದುಡಿದು ಬಂದ ಮನುಷ್ಯನಿಗೆ ಶ್ರುತಿ ತೋರಿಸುವವರು ಯಾರು? ಮೇಷ್ಟರು ಪ್ರತಿ ರಾತ್ರಿ ಅರ್ಧ ಗಂಟೆ ಮಟ್ಟನ್ನು ಬದಿಗಿಟ್ಟು, ಷಡ್ಜ ಪಂಚಮಗಳನ್ನು ಮಾತ್ರ ಹಿಡಿದು, ಶಿಷ್ಯನಿಂದ ಒಂದು ವೃತ್ತವನ್ನು ಅವನ ಉಸಿರಿನ ಅಳತೆಗೇ ಹಾಡಿಸಲಿ. ತಪ್ಪಿದರೆ ತಿದ್ದಲಿ, ಜಾರಿದ್ದನ್ನೆಲ್ಲ ತಪ್ಪೆಂದು ಎಣಿಸದಿರಲಿ. ದುಡ್ಡು ಕಟ್ಟಿ ಕರ್ಣನಾದವನಿಗೆ ಕರ್ಣನ ನೋವನ್ನು ತನ್ನ ದನಿಯಲ್ಲೇ ಹಾಡುವ ಹಕ್ಕಾದರೂ ಸಲ್ಲಬೇಕು.