ಎಂಟು ಸಿಲಿಂಡರು, ಎರಡೇ ಗೇರು

"ಆ ಗೇರ್ ಬಾಕ್ಸ್ ಬಿಸಾಕಿ ಸಾರ್. ಮ್ಯಾನ್ಯುಯಲ್ ಕೂರಿಸಿಬಿಡೋಣ, ತಲೆನೋವೇ ಇರಲ್ಲ."

ಸಕಲೇಶಪುರದ ಕಡೆಯ ಕಾಫಿ ತೋಟವೊಂದರ ಶೆಡ್ಡಿನಿಂದ 1964ರ ಶೆವರ್ಲೆ ಇಂಪಾಲಾವನ್ನು ಲಾರಿಗೆ ಹೇರಿ ಮೈಸೂರಿಗೆ ತಂದ ವಾರದಲ್ಲೇ ಮೂವರು ಮೇಸ್ತ್ರಿಗಳು ಬಂದು ನೋಡಿದರು. ಮೂವರೂ ಹೇಳಿದ್ದು ಇದನ್ನೇ. ಅವರ ಮಾತಿಗೆ ಹಿನ್ನೆಲೆಯಿದೆ. 1973ರ ನಂತರ ಪೆಟ್ರೋಲ್ ಬೆಲೆ ಏರಿದಾಗ ನಮ್ಮಲ್ಲಿದ್ದ ದೊಡ್ಡ ಅಮೆರಿಕನ್ ಕಾರುಗಳ ಎಷ್ಟೋ ಎಂಜಿನ್ನುಗಳು ಗುಜರಿ ಸೇರಿದವು. ಆ ಜಾಗಕ್ಕೆ ಡೀಸೆಲ್ ಎಂಜಿನ್ ಬಂತು, ಅದರ ಬೆನ್ನಿಗೇ ಕೈಯಲ್ಲಿ ಬದಲಿಸುವ ಗೇರ್ ಬಾಕ್ಸೂ ಬಂತು. ಮೈಲೇಜ್ ಸಿಕ್ಕಿತು, ಕಾರು ಹೋಯಿತು. ಮೈಯೊಂದು ಉಳಿದರೆ ಅದನ್ನು ಇಂಪಾಲಾ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದ್ದರಿಂದ ಎಂಜಿನ್ನನ್ನೂ ಅದರ ಎರಡು ಗೇರಿನ ಪವರ್‌ಗ್ಲೈಡ್ ಬಾಕ್ಸನ್ನೂ ಒಟ್ಟಿಗೇ ಇಳಿಸಿ, ಒಟ್ಟಿಗೇ ಕಟ್ಟುವುದೆಂದು ನಿಶ್ಚಯಿಸಿದೆ. ಅದಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು.

ಈ ಕಾರಿನಲ್ಲಿರುವುದು 283 ಘನ ಇಂಚಿನ, ಅಂದರೆ ಸುಮಾರು 4.6 ಲೀಟರಿನ ವಿ-8. ಎಡ್ ಕೋಲ್ ಮುಂದಾಳತ್ವದಲ್ಲಿ ಶೆವರ್ಲೆ 1955ರಲ್ಲಿ ಹೊರತಂದ ಸ್ಮಾಲ್ ಬ್ಲಾಕ್ ವಂಶದ ಕುಡಿ. 283ರ ಅಳತೆ ಬಂದದ್ದು 1957ರಲ್ಲಿ. ಗಿಡ್ಡ, ಹಗುರ, ಬಿಚ್ಚಲು ಸುಲಭ. ಇಷ್ಟು ಸರಳವಾದ ವಿ-8 ಇನ್ನೊಂದನ್ನು ನಾನು ಬಿಚ್ಚಿಲ್ಲ. ನಮ್ಮ ಕಾರಿನ ತೊಂದರೆ ಶುರುವಾದದ್ದು ಒಡೆದ ಒಂದು ಹಂಚಿನಿಂದ. ಯಾವ ಕಾಲದಲ್ಲೋ ಯಾರೋ ಏರ್ ಕ್ಲೀನರ್ ಬಿಚ್ಚಿ ಪಕ್ಕಕ್ಕಿಟ್ಟಿದ್ದರು, ಹಂಚಿನ ಸಂದಿಯಿಂದ ಇಳಿದ ಮಲೆನಾಡಿನ ಮಳೆ ನೇರವಾಗಿ ಕಾರ್ಬ್ಯುರೇಟರಿನ ಬಾಯಿಗೆ ಬಿದ್ದಿತ್ತು. ಎಂಜಿನ್ ಜಾಮ್.

ನೀರು ಎಂಟು ಸಿಲಿಂಡರಿಗೂ ನುಗ್ಗುವುದಿಲ್ಲ. ಎಂಜಿನ್ ನಿಂತ ಗಳಿಗೆಯಲ್ಲಿ ಯಾವ ಸಿಲಿಂಡರುಗಳ ಒಳವಾಲ್ವು ತೆರೆದಿತ್ತೋ ಅಲ್ಲಿಗೆ ಮಾತ್ರ ಅದಕ್ಕೆ ದಾರಿ. ಈ ಎಂಜಿನ್ನಿನಲ್ಲಿ ಕಿಡಿ ಹಾರುವ ಸರದಿ 1-8-4-3-6-5-7-2. ಪ್ಲಗ್ಗುಗಳನ್ನು ಬಿಚ್ಚಿ ಟಾರ್ಚ್ ಬಿಟ್ಟು ನೋಡಿದಾಗ ಬಲಸಾಲಿನ 4, ಎಡಸಾಲಿನ 3, ಈ ಎರಡರಲ್ಲಿ ಮಾತ್ರ ಇಟ್ಟಿಗೆಯ ಬಣ್ಣ. ಬ್ಲಾಕಿನಲ್ಲಿ ಅವು ಎದುರುಬದುರು ಸಾಲಿನವು, ಸರದಿಯಲ್ಲಿ ಅಕ್ಕಪಕ್ಕದವು. ತುಕ್ಕು ಕೂಡ ಲೆಕ್ಕ ತಪ್ಪಿರಲಿಲ್ಲ ಎನ್ನುವುದು ನನಗೆ ಆ ಸಂಜೆಯ ಸಂತೋಷ. ರೋಗ ಎಲ್ಲಿದೆಯೆಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಜಾಮಾದ ಎಂಜಿನ್ ಬಿಡಿಸಲು ಬಲ ಹಾಕಿದವರು ಕೆಡುತ್ತಾರೆ. ರಿಂಗುಗಳು ತುಕ್ಕಿನ ಜೊತೆ ಸಿಲಿಂಡರಿನ ಗೋಡೆಗೆ ಅಂಟಿಕೊಂಡಿರುತ್ತವೆ. ಉದ್ದನೆ ಪೈಪ್ ಹಾಕಿ ತಿರುಗಿಸಿದರೆ ಮುರಿಯುವುದು ತುಕ್ಕಲ್ಲ, ಪಿಸ್ಟನ್ನು. ಆಟೋಮ್ಯಾಟಿಕ್ ಗೇರ್ ಎಣ್ಣೆಗೆ ಅಷ್ಟೇ ಪ್ರಮಾಣದ ಅಸಿಟೋನ್ ಸೇರಿಸಿ, ಚೆನ್ನಾಗಿ ಕುಲುಕಿ ಸಿಲಿಂಡರುಗಳಿಗೆ ಸುರಿದೆವು. ಅವೆರಡೂ ಸರಿಯಾಗಿ ಬೆರೆಯುವುದಿಲ್ಲ, ಪ್ರತಿ ಸಲವೂ ಕುಲುಕಲೇಬೇಕು. ದಿನಕ್ಕೊಂದು ಸಲ ಸುರಿಯುವುದು, ಫ್ಲೈವ್ಹೀಲಿನ ಹಲ್ಲಿಗೆ ಲಿವರ್ ಕೊಟ್ಟು ಮೆಲ್ಲಗೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಒತ್ತುವುದು, ಬಿಡುವುದು. ಹತ್ತು ದಿನ ಕಲ್ಲಿನ ಹಾಗಿತ್ತು. ಹನ್ನೊಂದನೆಯ ದಿನ ಒಂದು ಹಲ್ಲಿನಷ್ಟು ಸರಿಯಿತು. ಕೆಲಸಕ್ಕೆ ಜೊತೆಯಾಗಿದ್ದ ನಮ್ಮ ಮೇಸ್ತ್ರಿ ಲಿವರ್ ಕೆಳಗಿಟ್ಟು, "ಇವತ್ತಿಗೆ ಸಾಕು ಸಾರ್, ಇನ್ನು ಅದಾಗೇ ಬರುತ್ತೆ" ಎಂದು ಕೈ ತೊಳೆಯಲು ಹೋದರು.

ಹೆಡ್ ಬಿಚ್ಚುವುದು ಬೇರೆಯೇ ಒಂದು ಕಥೆ. ಒಂದೊಂದು ಹೆಡ್ಡಿಗೆ 17 ಬೋಲ್ಟು, ಅವುಗಳ ತುದಿ ಇಳಿಯುವುದು ಬ್ಲಾಕಿನ ನೀರಿನ ದಾರಿಗೆ. ಹೊರಗೆ ಹೊಳೆಯುವ ಬೋಲ್ಟು ಒಳಗೆ ಕೊಳೆತಿರುತ್ತದೆ. ಎರಡು ಮುರಿದವು, ಅವಕ್ಕೆ ನಟ್ಟು ಬೆಸೆದು, ಕೆಂಪಗೆ ಕಾದು ಆರುವಾಗ ತಿರುಗಿಸಿ ತೆಗೆದೆವು. ಮತ್ತೆ ಹಾಕುವಾಗ ಎಳೆಗಳಿಗೆ ಸೀಲೆಂಟ್ ಹಚ್ಚದಿದ್ದರೆ ನೀರು ಎಳೆ ಹಿಡಿದೇ ಮೇಲಕ್ಕೆ ಬರುತ್ತದೆ. ಪಿಸ್ಟನ್ ಹೊರಗೆಳೆಯುವ ಮುನ್ನ ಸಿಲಿಂಡರಿನ ಮೇಲಂಚಿನಲ್ಲಿ ಸವೆಯದೆ ಉಳಿದ ದಿಂಡನ್ನು ಕೆರೆದು ತೆಗೆಯಬೇಕು, ಇಲ್ಲವಾದರೆ ರಿಂಗ್ ಕೂರುವ ತೋಡು ಮುರಿಯುತ್ತದೆ. ಅವಸರದಲ್ಲಿ ಇದನ್ನು ಬಿಟ್ಟು ಒಳ್ಳೆಯ ಪಿಸ್ಟನ್ನುಗಳನ್ನು ಹಾಳುಮಾಡಿಕೊಂಡವರನ್ನು ಕಂಡಿದ್ದೇನೆ.

ಸಣ್ಣ ಉಕ್ಕಿನ ಭಾಗಗಳ ತುಕ್ಕಿಗೆ ನಾನು ನೆಚ್ಚಿಕೊಂಡಿರುವುದು ಕಾಕಂಬಿಯನ್ನು. ಮಂಡ್ಯದ ಕಡೆ ದನದ ಮೇವಿಗೆ ಬೆರೆಸುವ ಅದೇ ಕಪ್ಪು ಕಾಕಂಬಿ. ಒಂದು ಪಾಲಿಗೆ ಒಂಬತ್ತು ಪಾಲು ನೀರು, ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮು, ಎರಡು ವಾರದ ತಾಳ್ಮೆ. ಆಯಿಲ್ ಪ್ಯಾನು, ವಾಲ್ವ್ ಕವರು, ಟೈಮಿಂಗ್ ಕವರು, ಬ್ರಾಕೆಟ್ಟುಗಳು ಎಲ್ಲವೂ ಅದರೊಳಗೆ. ಮರಳಿನ ಹೊಡೆತ ಒಳ್ಳೆಯ ಕಬ್ಬಿಣವನ್ನೂ ಕೆರೆಯುತ್ತದೆ. ಕಾಕಂಬಿ ತುಕ್ಕನ್ನಷ್ಟೇ ಕರಗಿಸಿಕೊಂಡು ಕಬ್ಬಿಣವನ್ನು ಬಿಟ್ಟುಬಿಡುತ್ತದೆ. ಹೊರತೆಗೆದು ನೀರಿನಲ್ಲಿ ತೊಳೆದರೆ ಮಂಕು ಬೂದು ಬಣ್ಣದ ಹಸಿ ಲೋಹ ಕಾಣುತ್ತದೆ, ತಕ್ಷಣ ಒರೆಸಿ ಎಣ್ಣೆ ಹಚ್ಚಬೇಕು. ಆದರೆ ಅಲ್ಯೂಮಿನಿಯಂ, ಸತು ಇದ್ದದ್ದನ್ನು ಆ ಡ್ರಮ್ಮಿನ ಹತ್ತಿರಕ್ಕೂ ತರಬಾರದು, ಅವನ್ನು ತಿಂದುಹಾಕುತ್ತದೆ. ಕಾರ್ಬ್ಯುರೇಟರನ್ನೂ ಗೇರ್ ಬಾಕ್ಸಿನ ಕವಚವನ್ನೂ ಸೀಮೆಎಣ್ಣೆ, ಬ್ರಷ್ಷು ಹಿಡಿದು ಕೈಯಲ್ಲೇ ತೊಳೆದೆವು.

ಬ್ಲಾಕ್ ಬೋರಿಂಗ್ ಶಾಪಿಗೆ ಹೋಯಿತು. ಅಲ್ಲಿನ ಹಿರಿಯರು ಬೆರಳನ್ನು 4ನೇ ಸಿಲಿಂಡರಿಗೆ ಇಳಿಸಿ ಒಂದು ಸುತ್ತು ಸವರಿದರು. "ಇದು ಥರ್ಟಿಗೂ ಬರಲ್ಲ, ಫಾರ್ಟಿಗೂ ಬರಲ್ಲ. ಇದೊಂದಕ್ಕೆ ಲೈನರ್ ಹಾಕ್ತೀನಿ, ಉಳಿದ ಏಳಕ್ಕೆ ಥರ್ಟಿ." ಅವರು ಹೇಳಿದ ಲೆಕ್ಕ ಇಂಚಿನ ಸಾವಿರದ ಭಾಗದ್ದು. ಮೂಲ ಬೋರು 3.875 ಇಂಚು, ಕೆಲಸವಾದ ಮೇಲೆ 3.905. ಒಂದು ಗುಂಡಿಗಾಗಿ ಎಂಟು ಗೋಡೆಗಳನ್ನೂ ತೆಳ್ಳಗೆ ಮಾಡುವುದು ಸುಲಭವಿತ್ತು. ಅವರು ಕಬ್ಬಿಣ ಉಳಿಸಿದರು. ಹಳೆಯ ಬ್ಲಾಕಿನಲ್ಲಿ ಉಳಿದ ಪ್ರತಿ ಸಾವಿರದ ಭಾಗವೂ ಮುಂದಿನ ಸಲದ ರಿಪೇರಿಗೆ ಇಟ್ಟ ಗಂಟು. ಹೆಡ್ಡುಗಳ ಹೊರವಾಲ್ವಿಗೆ ಗಟ್ಟಿ ಸೀಟು ಕೂರಿಸಿದ್ದು ಸೀಸವಿಲ್ಲದ ಈಗಿನ ಪೆಟ್ರೋಲಿಗಾಗಿ. ಪೆಟ್ರೋಲ್ ಪಂಪಿನ ಡಯಾಫ್ರಮ್ಮು, ರಬ್ಬರ್ ಪೈಪುಗಳನ್ನು ಬದಲಿಸಿದ್ದು ಅದರಲ್ಲಿ ಬೆರೆತಿರುವ ಎಥೆನಾಲಿಗಾಗಿ.

ಇನ್ನು ಎಲ್ಲರೂ ಬಿಸಾಕಿ ಎಂದ ಪೆಟ್ಟಿಗೆಯ ವಿಷಯ. ಜನರಲ್ ಮೋಟಾರ್ಸ್ ತನ್ನ ಮೊದಲ ಪೂರ್ಣ ಆಟೋಮ್ಯಾಟಿಕ್ ಆದ ಹೈಡ್ರಾಮ್ಯಾಟಿಕ್ ಅನ್ನು 1940ರ ಮಾದರಿಯ ಓಲ್ಡ್ಸ್‌ಮೊಬೀಲಿನಲ್ಲಿ ಕೊಟ್ಟಿತು. ಎರಡನೇ ಮಹಾಯುದ್ಧದಲ್ಲಿ ಅದೇ ಬಾಕ್ಸು ಟ್ಯಾಂಕುಗಳನ್ನೂ ಎಳೆಯಿತು. ಸಾಮಾನ್ಯರ ಕಾರಾದ ಶೆವರ್ಲೆಗೆ 1950ರಲ್ಲಿ ಬಂದದ್ದು ಪವರ್‌ಗ್ಲೈಡ್. 1953ರ ಆಗಸ್ಟ್ 12ರಂದು ಅಮೆರಿಕದ ಲಿವೋನಿಯಾದ ಹೈಡ್ರಾಮ್ಯಾಟಿಕ್ ಕಾರ್ಖಾನೆ ಸುಟ್ಟುಹೋದಾಗ, ಪಾಂಟಿಯಾಕ್ ಕಾರುಗಳು ಕೆಲಕಾಲ ಈ ಬಡ ತಮ್ಮನ ಬಾಕ್ಸನ್ನು ಹಾಕಿಕೊಂಡೇ ಮಾರಾಟವಾದವು. 1962ರಿಂದ ಇದರ ಕವಚ ಎರಕದ ಕಬ್ಬಿಣದಿಂದ ಅಲ್ಯೂಮಿನಿಯಮ್ಮಿಗೆ ಬದಲಾಗತೊಡಗಿತು. ನಮ್ಮದು ಆ ಹಗುರ ಪೀಳಿಗೆಯದು.

ಎರಡೇ ಗೇರು ಎಂದು ಮೂಗು ಮುರಿಯುವವರು ಅದನ್ನೊಮ್ಮೆ ಬಿಚ್ಚಿ ನೋಡಬೇಕು. ಒಳಗಿನ ಡ್ರಮ್ಮನ್ನು ಒಂದು ಬ್ಯಾಂಡ್ ಅಪ್ಪಿ ಹಿಡಿದರೆ ಲೋ. ಬ್ಯಾಂಡ್ ಬಿಟ್ಟು ಕ್ಲಚ್ ಪ್ಲೇಟುಗಳು ಒತ್ತಿಕೊಂಡರೆ ಇಡೀ ಗೇರುಗಳ ಗುಂಪು ಒಂದೇ ಮುದ್ದೆಯಾಗಿ ತಿರುಗಿ ಹೈ. ಹೊರಗಿನ ರಿಂಗ್ ಗೇರನ್ನು ಹಿಡಿದರೆ ರಿವರ್ಸ್. ಅಷ್ಟೇ. ಕೊರತೆಯನ್ನು ತುಂಬುವುದು ಟಾರ್ಕ್ ಕನ್ವರ್ಟರ್. ಎಂಜಿನ್ ಕಡೆಯ ರೆಕ್ಕೆಗಳು ಎಣ್ಣೆಯನ್ನು ಎಸೆಯುತ್ತವೆ, ಬಾಕ್ಸಿನ ಕಡೆಯ ರೆಕ್ಕೆಗಳು ಆ ಎಸೆತಕ್ಕೆ ಮೈಯೊಡ್ಡಿ ತಿರುಗುತ್ತವೆ, ನಡುವಿನ ಸ್ಟೇಟರ್ ಹಿಂದಿರುಗುವ ಎಣ್ಣೆಯ ದಿಕ್ಕನ್ನು ತಿದ್ದಿ ಎಳೆತವನ್ನು ಹೆಚ್ಚಿಸುತ್ತದೆ. ಭಾಗ ಕಡಿಮೆ, ಆದ್ದರಿಂದ ಗಟ್ಟಿ. ಅಮೆರಿಕದ ಡ್ರ್ಯಾಗ್ ರೇಸಿನವರು ಇವತ್ತಿಗೂ ಪವರ್‌ಗ್ಲೈಡನ್ನೇ ಹುಡುಕಿ ಹಾಕಿಕೊಳ್ಳುತ್ತಾರೆ. ಅವರ ದಯೆಯಿಂದ ಸೀಲು, ಪ್ಲೇಟು, ಬ್ಯಾಂಡು ಎಲ್ಲವೂ ಹೊಸದಾಗಿಯೇ ಸಿಗುತ್ತವೆ. ನಮ್ಮ ಕಿಟ್ ಅಲ್ಲಿಂದಲೇ ಅಂಚೆಯಲ್ಲಿ ಬಂತು.

ಪ್ಯಾನ್ ಇಳಿಸಿದಾಗ ಸುರಿದದ್ದು ಕೆಂಪು ಎಣ್ಣೆಯಲ್ಲ, ರಾಗಿ ಅಂಬಲಿಯಂಥ ದ್ರವ. ಡಿಪ್‌ಸ್ಟಿಕ್ ಕೊಳವೆಯಿಂದ ತೇವ ಇಳಿದಿತ್ತು. ಎಂಜಿನ್ನಿನ ಕಬ್ಬಿಣ ನೀರನ್ನು ಸಹಿಸಿ ತುಕ್ಕಾದರೂ ಆಗಿ ತನ್ನ ಗಾಯವನ್ನು ತೋರಿಸುತ್ತದೆ. ಕ್ಲಚ್ ಪ್ಲೇಟು ತೋರಿಸುವುದಿಲ್ಲ. ಉಕ್ಕಿಗೆ ಅಂಟಿಸಿದ ಕಾಗದದಂಥ ಪದರ ನೀರು ಕುಡಿದು ಅಂಟು ಸಡಿಲಿಸಿಕೊಂಡಿರುತ್ತದೆ. ಕಣ್ಣಿಗೆ ಹೊಸದರಂತೆಯೇ ಕಾಣುತ್ತದೆ, ರಸ್ತೆಗಿಳಿದ ಮೇಲೆ ಸಿಪ್ಪೆಯಂತೆ ಏಳುತ್ತದೆ. ಆದ್ದರಿಂದ ಎಷ್ಟೇ ಚೆನ್ನಾಗಿ ಕಂಡರೂ ಹಳೆಯ ಪ್ಲೇಟುಗಳನ್ನು ಉಳಿಸಿಕೊಳ್ಳಬಾರದು. ಹೊಸವನ್ನು ಹಾಕುವ ಮುನ್ನ ಎಣ್ಣೆಯಲ್ಲಿ ನೆನೆಹಾಕಬೇಕು.

ವಾಲ್ವ್ ಬಾಡಿಗೆ ಒಂದು ಹಳೆಯ ಬಿಳಿ ಪಂಚೆ ಹಾಸಿದೆವು. ಬೆರಳುದ್ದದ ಉಕ್ಕಿನ ಕಡ್ಡಿಗಳು, ಸ್ಪ್ರಿಂಗುಗಳು, ತೆಗೆದ ಸಾಲಿನಲ್ಲೇ ಜೋಡಿಸಿದೆವು. ಪ್ರತಿ ಕಡ್ಡಿಯೂ ತನ್ನ ಬಿಲದಲ್ಲಿ ತನ್ನ ಭಾರಕ್ಕೇ ಜಾರಬೇಕು. ಒಂದು ಜಾರಲಿಲ್ಲ, ತುದಿಯಲ್ಲಿ ಸಾಸಿವೆಯಷ್ಟು ತುಕ್ಕಿನ ಚುಕ್ಕೆ. ಅದನ್ನು ಅತಿ ನಯವಾದ ಕಾಗದದಿಂದ ತಿದ್ದಲು ಒಂದು ಮಧ್ಯಾಹ್ನ ಬೇಕಾಯಿತು, ಏಕೆಂದರೆ ಅದರ ಚೂಪಂಚು ಮೊಂಡಾಗಕೂಡದು. ಆ ಅಂಚೇ ಕಸವನ್ನು ಒಳಗೆ ಸಿಕ್ಕಿಕೊಳ್ಳದಂತೆ ಕಾಯುವುದು. ಒರೆಸಲು ಮಾತ್ರ ಯಾವ ಬಟ್ಟೆಯನ್ನೂ ಮುಟ್ಟಲಿಲ್ಲ. ಒಂದು ನೂಲು ಸಾಕು, ಗೇರ್ ಬೀಳುವುದು ತಡವಾಗುತ್ತದೆ. ಕನ್ವರ್ಟರನ್ನು ಲೇತಿನಲ್ಲಿ ಬೆಸುಗೆಯ ಗೆರೆಯ ಮೇಲೇ ಕೊಯ್ದು ತೆರೆಸಿ, ತೊಳೆದು, ಮತ್ತೆ ಬೆಸೆದು, ಬ್ಯಾಲೆನ್ಸ್ ನೋಡಿಸಿದೆ. ಅದನ್ನು ಬಿಚ್ಚದೆ ಬಿಟ್ಟಿದ್ದರೆ ಒಳಗಿದ್ದ ಕೆಮ್ಮಣ್ಣಿನಂಥ ತುಕ್ಕೆಲ್ಲ ಮೊದಲ ದಿನವೇ ಈ ಕಡ್ಡಿಗಳ ಮೇಲೆ ಬಂದು ಕೂರುತ್ತಿತ್ತು.

ಎಣ್ಣೆಯ ಬಗ್ಗೆ ಒಂದು ಮಾತು. ಆ ಕಾಲದ ಆಟೋಮ್ಯಾಟಿಕ್ ಎಣ್ಣೆಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು. ಕ್ಲಚ್ಚುಗಳು ನಯವಾಗಿ ಹಿಡಿಯಲೆಂದು. 1970ರ ದಶಕದ ಆರಂಭದಲ್ಲಿ ಅಮೆರಿಕ ಅದನ್ನು ನಿಷೇಧಿಸಿತು. ಕಡಲಿನ ಅಷ್ಟು ದೊಡ್ಡ ಜೀವ ಒಂದು ಪೆಟ್ಟಿಗೆಯ ನಯಕ್ಕಾಗಿ ಸಾಯುತ್ತಿತ್ತೆಂಬುದು ಪ್ಯಾನಿಗೆ ಎಣ್ಣೆ ಸುರಿಯುವಾಗಲೆಲ್ಲ ನೆನಪಾಗಿ ಮನಸ್ಸು ಮುದುಡುತ್ತದೆ. ಈಗಿನ ಡೆಕ್ಸ್‌ರಾನ್ ಎಣ್ಣೆ ಅದಿಲ್ಲದೆಯೇ ಕೆಲಸ ಮಾಡುತ್ತದೆ.

ಬ್ಯಾಂಡಿನ ಬಿಗಿ ಹೊರಗಿನ ಒಂದೇ ಸ್ಕ್ರೂವಿನಲ್ಲಿದೆ. 70 ಇಂಚ್-ಪೌಂಡಿಗೆ ಬಿಗಿದು, ಹೊಸ ಬ್ಯಾಂಡಾದರೆ ಪೂರ್ತಿ ಮೂರು ಸುತ್ತು, 6,000 ಮೈಲು ದಾಟಿದ್ದಾದರೆ ನಾಲ್ಕು ಸುತ್ತು ಹಿಂದಕ್ಕೆ. ಮೂರು ಅಂದರೆ ಮೂರು, ಎರಡೂಮುಕ್ಕಾಲಲ್ಲ.

ಇಷ್ಟೆಲ್ಲ ಎಚ್ಚರದ ನಂತರವೂ ಒಂದು ಕಡೆ ಎಡವಿದೆವು. ಕನ್ವರ್ಟರನ್ನು ಬಾಕ್ಸಿಗೆ ಸೇರಿಸುವಾಗ ಅದನ್ನು ತಿರುಗಿಸುತ್ತ ಒತ್ತಬೇಕು, ಮೂರು ಸಲ 'ಟಕ್' ಎಂದು ಒಳಕ್ಕಿಳಿಯಬೇಕು. ಮೂರನೆಯದು ಪಂಪಿನ ಗೇರಿನದು. ನಮಗೆ ಎರಡೇ ಕೇಳಿಸಿತ್ತು. ಸಂಜೆಯಾಗಿತ್ತು, ಮಳೆ ಬರುವಂತಿತ್ತು, ಬಾಕ್ಸನ್ನು ಎಂಜಿನ್ನಿಗೆ ಬಿಗಿದುಬಿಟ್ಟೆವು. ಆಮೇಲೆ ಎಂಜಿನ್ ಕೈಯಲ್ಲಿ ತಿರುಗಲಿಲ್ಲ. ಬಿಚ್ಚಿದರೆ ಪಂಪಿನ ಗೇರಿನ ಹಲ್ಲು ಮುರಿದಿತ್ತು. ಹೊಸ ಗೇರು ಬರಲು ಐದು ವಾರ. ಎರಡನೆಯ ಸಲ ಮೂರು ಟಕ್ಕನ್ನೂ ಎಣಿಸಿ, ಕನ್ವರ್ಟರಿಗೂ ಫ್ಲೆಕ್ಸ್‌ಪ್ಲೇಟಿಗೂ ನಡುವೆ ನಾಲ್ಕು ಮಿಲಿಮೀಟರ್ ಸಂದು ಉಳಿದಿದೆಯೆಂದು ಅಳೆದ ಮೇಲೆಯೇ ಬೋಲ್ಟು ಮುಟ್ಟಿದ್ದು.

ಹೊಸ ಎಂಜಿನ್ನನ್ನು ಒಣಗಿದ ಬೇರಿಂಗಿನಲ್ಲಿ ತಿರುಗಿಸಬಾರದು. ಸ್ಮಾಲ್ ಬ್ಲಾಕಿನ ಆಯಿಲ್ ಪಂಪು ತಿರುಗುವುದು ಡಿಸ್ಟ್ರಿಬ್ಯೂಟರಿನ ಬುಡದಿಂದ. ಹಾಗಾಗಿ ಕೆಟ್ಟ ಡಿಸ್ಟ್ರಿಬ್ಯೂಟರೊಂದರ ಗೇರಿನ ಹಲ್ಲು ಉಜ್ಜಿ ತೆಗೆದು, ಅದನ್ನು ಡ್ರಿಲ್ಲಿಗೆ ಸಿಕ್ಕಿಸಿ ಪಂಪ್ ಓಡಿಸಿದೆವು. ಬರೀ ಸರಳು ಹಾಕಿದರೆ ಆಗದು. ಡಿಸ್ಟ್ರಿಬ್ಯೂಟರಿನ ಮೈ ಅಲ್ಲಿ ಎಣ್ಣೆದಾರಿಯ ಒಂದು ಬದಿಯನ್ನು ಮುಚ್ಚುತ್ತದೆ, ಅದಿಲ್ಲದಿದ್ದರೆ ಒತ್ತಡವೆಲ್ಲ ಸೋರುತ್ತದೆ. ಕೆಲವು ನಿಮಿಷಗಳಲ್ಲಿ ಹದಿನಾರು ರಾಕರುಗಳ ಮೇಲೂ ಎಣ್ಣೆ ಒಸರಿತು.

ಸ್ಟಾರ್ಟ್ ಆದದ್ದು ಮೂರನೆಯ ಸೆಲ್ಫಿಗೆ. ಹೊಸ ಕ್ಯಾಮಿಗಾಗಿ 2,000 ಸುತ್ತಿಗಿಂತ ಕೆಳಗಿಳಿಸದೆ ಇಪ್ಪತ್ತು ನಿಮಿಷ ಓಡಿಸಬೇಕು. ಆ ಇಪ್ಪತ್ತು ನಿಮಿಷ ಯಾರೂ ಮಾತಾಡಲಿಲ್ಲ. ಮೇಸ್ತ್ರಿ ಆಯಿಲ್ ಮೀಟರ್ ನೋಡುತ್ತಿದ್ದರು, ನಾನು ರೇಡಿಯೇಟರ್ ನೋಡುತ್ತಿದ್ದೆ.

ಮರುದಿನ ಬೆಳಿಗ್ಗೆ ಆರಕ್ಕೆ ಬನ್ನೂರು ರಸ್ತೆಗೆ ತೆಗೆದುಕೊಂಡು ಹೋದೆವು. ಲೋ ಗೇರಿನಲ್ಲಿ ಎಂಜಿನ್ ಉದ್ದಕ್ಕೆ ಉಸಿರೆಳೆದುಕೊಂಡು ಹೋಗುತ್ತದೆ, ಈಗ ಬದಲಾಗುತ್ತದೆ, ಈಗ ಬದಲಾಗುತ್ತದೆ ಎಂದು ಕಾಯುವ ಹಾಗೆ. ಆಕ್ಸಿಲರೇಟರಿನಿಂದ ಕಾಲನ್ನು ಕೂದಲೆಳೆಯಷ್ಟು ಸಡಿಲಿಸಿದೆ. ಎಂಜಿನ್ನಿನ ದನಿ ತಗ್ಗಿತು, ಎರಡೂ ಬದಿಯ ಗದ್ದೆ ಅದೇ ವೇಗದಲ್ಲಿ ಹಿಂದಕ್ಕೆ ಸರಿಯುತ್ತಲೇ ಇತ್ತು. ಗೇರ್ ಬಿದ್ದ ಎಳೆತ ಮೈಗೆ ತಾಗಲೇ ಇಲ್ಲ. ಹಿಂದಿನ ಸೀಟಿನಲ್ಲಿದ್ದ ಮೇಸ್ತ್ರಿ, "ಬಿತ್ತಾ ಸಾರ್?" ಎಂದು ಕೇಳಿದರು.

ಈಗ 300 ಕಿಲೋಮೀಟರ್ ಆಗಿದೆ. ನಿನ್ನೆ ಡಿಪ್‌ಸ್ಟಿಕ್ ಎಳೆದು ಅದೇ ಪಂಚೆಯ ಅಂಚಿಗೆ ಒರೆಸಿದೆ. ಎಣ್ಣೆ ಹಾಕಿದ ದಿನದಷ್ಟೇ ಕೆಂಪಗಿತ್ತು.